ಎಡಸುತ್ತಿನ ಮೆಟ್ಟಿಲು

ಲ್ವಾರ್ ನದಿಯ ಸೀಮೆಯಲ್ಲಿ, ಫ್ರಾನ್ಸಿನ ಅರಸರು ಬೇಟೆಗೆಂದು ಕಾಡಿನ ನಡುವೆ ಕಟ್ಟಿಸಿದ ಅರಮನೆಯ ಎದುರಿಗೇ ಒಂದು ಸಣ್ಣ ಹೋಟೆಲಿದೆ. ನವೆಂಬರಿನ ಒಂದು ಮಧ್ಯಾಹ್ನ, ತೂರ್ ಪಟ್ಟಣದಿಂದ ಬಂದಿದ್ದ ನಾವು ನಾಲ್ವರು ಮಳೆಗೆ ಹೆದರಿ ಅಲ್ಲಿ ಹೊಕ್ಕೆವು. ಕಾಲುವೆಯ ದಂಡೆ ಸುತ್ತಿ, ಕಾಡಿನಂಚಿನ ಜಿಂಕೆಗಳನ್ನು ನೋಡಿ ಆಗಿತ್ತು. ಅರಮನೆಯ ಒಳಗೆ ಹೋಗುವುದು ಬಾಕಿ ಇತ್ತು. ಕುಂಬಳಕಾಯಿ ಸೂಪು ಕುಡಿಯುತ್ತಿದ್ದಾಗ, ಮೂವತ್ತು ವರ್ಷ ಅರಮನೆಯ ಕಾವಲಿಗಿದ್ದ ಅರ್ಮೆಲ್ ಅಜ್ಜಿ ತನ್ನ ಕುರ್ಚಿಯನ್ನು ನಮ್ಮತ್ತ ಎಳೆದುಕೊಂಡಳು.

“ಒಳಗೆ ಹೋದ ಕೂಡಲೇ ಆ ಮೆಟ್ಟಿಲು ಕಾಣ್ಸುತ್ತೆ... ಒಂದೇ ಕಂಬಕ್ಕೆ ಎರಡು ಬಳ್ಳಿ ಹಬ್ಬಿದ ಹಾಗೆ ಎರಡು ಸಾಲು. ಒಬ್ರು ಎಡಗಡೆಯಿಂದ, ಒಬ್ರು ಬಲಗಡೆಯಿಂದ ಹತ್ತಿದ್ರೆ ತುದಿ ಮುಟ್ಟೋವರೆಗೂ ಒಬ್ರಿಗೊಬ್ರು ಎದುರಾಗಲ್ಲ. ನಡುವಿನ ಕಂಬದ ಕಿಟಕಿಗಳಲ್ಲಿ ಆ ಕಡೆಯೋರ ಮುಖ ಮಾತ್ರ ಮಿಂಚಿ ಹೋಗುತ್ತೆ. ಮೂವತ್ತು ವರ್ಷ ನೋಡಿದ ನಂಗೇ ಇವತ್ತಿಗೂ ಅಲ್ಲಿ ನಿಂತ್ರೆ ಕತ್ತೆತ್ತಿ ನೋಡ್ತಾನೇ ಇರ್ತೀನಿ.

“ಅನ್ಸೆಲ್ಮ್ ಅಂತ ಒಬ್ಬ ಮುದುಕ, ಪೀಪಾಯಿ ಮಾಡೋನು, ಮದುವೆಯಾದ ತಾರೀಕಿಗೆ ಸರಿಯಾಗಿ ಪ್ರತಿ ವರ್ಷ ಹೆಂಡತಿ ಯೂಲಾಲೀನ ಕರ್ಕೊಂಡು ಬರ್ತಿದ್ದ...”

“ಆ ಮುದುಕನ ಮೇಲೆ ನಿಂಗೂ ಒಂದು ಕಣ್ಣಿತ್ತಂತಲ್ಲ ಅಜ್ಜಿ,” ಎಂದ ಹೋಟೆಲಿನ ಅಡುಗೆಯವ ಬಾಸಿಲ್.

“ನೀನು ಮೊದಲು ಸೂಪಿಗೆ ಉಪ್ಪು ಹಾಕೋದು ಕಲಿ,” ಎಂದು ಅಜ್ಜಿ ಮುಂದುವರಿದಳು.

“ಅವನು ಬಲಗಡೆ, ಅವಳು ಎಡಗಡೆ. ಕಿಟಕಿ ಕಿಟಕಿಗೂ ಅಣಕಿಸ್ಕೊಂಡು ಹತ್ತೋರು. ಒಂದು ವರ್ಷ ಮಾತ್ರ ಅವನೊಬ್ಬನೇ ಬಂದ. ‘ಯೂಲಾಲೀ ವಸಂತದಲ್ಲಿ ತೀರ್ಕೊಂಡ್ಳು, ತಾಯಿ,’ ಅಂದ. ಆಮೇಲೆ ಮೆಲ್ಲಗೆ ಹೇಳ್ದ... ಹಿಂದಿನ ಸಲ ಅವಳಿಗೆ ಅರ್ಧದಲ್ಲಿ ತಲೆಸುತ್ತು ಬಂತಂತೆ, ಕಿಟಕಿಯಿಂದ ಕೈ ಚಾಚಿ ಕರೆದಳಂತೆ. ಇವನು ಆಟ ಅಂದ್ಕೊಂಡು ನಗ್ತಾ ಮೇಲೆ ಹೋಗ್ಬಿಟ್ಟ. ಅವಳು ಗೋಡೆ ಹಿಡ್ಕೊಂಡು ಒಬ್ಬಳೇ ಕೆಳಗಿಳಿದಳು. ಅವಳು ಸಾಯೋವರೆಗೂ ಆ ಮಾತು ಇಬ್ಬರೂ ಎತ್ತಲಿಲ್ಲ. ‘ಆ ಕಡೆಯಿಂದ ನೀವು ಹತ್ತುತ್ತೀರಾ? ಖಾಲಿ ಕಿಟಕಿ ನೋಡ್ಕೊಂಡು ಹತ್ತೋಕೆ ನನ್ನ ಕೈಲಾಗಲ್ಲ,’ ಅಂದ. ಇಲ್ಲ ಅನ್ನೋಕೆ ಹೇಗೆ ಬಾಯಿ ಬರುತ್ತೆ, ಹೇಳಿ?

“ಹತ್ತಿದೆ. ಹೊರಗೆ ಇಂಥದ್ದೇ ಮಳೆ, ಅರಮನೆಯಲ್ಲಿ ನಾವಿಬ್ಬರೇ. ಮೊದಲ ಕಿಟಕಿ, ಅವನ ಮುಖ... ಎರಡನೆಯದು... ಅರ್ಧ ದಾರೀಲಿ ನನ್ನ ಬಲಗೈಯೊಳಗೆ ಇನ್ನೊಂದು ಕೈ ಬಂತು. ಸಣ್ಣ ಕೈ, ಒದ್ದೆ ಕಲ್ಲಿನ ಹಾಗೆ ತಣ್ಣಗೆ, ಬೆರಳಲ್ಲಿ ಉಂಗುರ. ಪಕ್ಕದಲ್ಲಿ ಯಾರೂ ಇಲ್ಲ. ಕೂಗಬೇಕು ಅನ್ನಿಸ್ತು, ಆದ್ರೆ ಆ ಕೈ ಎಷ್ಟು ನಡುಗ್ತಿತ್ತು ಅಂದ್ರೆ, ನನ್ನ ಹೆದರಿಕೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಗಟ್ಟಿಯಾಗಿ ಹಿಡ್ಕೊಂಡೆ. ಅವಳು ನಿಂತ ಕಡೆ ನಿಂತೆ, ಮತ್ತೆ ಹತ್ತಿದಾಗ ಹತ್ತಿದೆ.

“ತುದೀಲಿ, ಛಾವಣಿ ಮೇಲಿನ ಕಲ್ಲಿನ ಗೋಪುರಗಳ ಕೆಳಗೆ, ಅನ್ಸೆಲ್ಮ್ ನಿಂತಿದ್ದ. ನನ್ನನ್ನ ನೋಡಲೇ ಇಲ್ಲ. ನನ್ನ ಪಕ್ಕದ ಜಾಗ ನೋಡ್ದ, ಟೋಪಿ ತೆಗೆದ. ‘ಈ ಸಲ ಕಾದೆ ಕಣೇ,’ ಅಂದ. ನನ್ನ ಕೈ ಖಾಲಿಯಾಯ್ತು... ಅವನ ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡವು. ನಾನು ಬೆನ್ನು ತಿರುಗಿಸಿ ಕಾಡಿನ ಕಡೆ ನೋಡ್ತಾ ನಿಂತೆ. ಗಂಡ ಹೆಂಡಿರ ಮಾತು, ಕೇಳಿಸ್ಕೋಬಾರದು.

“ಆಮೇಲೆ ನಾಲ್ಕು ವರ್ಷ ಹೀಗೇ ಹತ್ತಿದೆವು. ಐದನೇ ವರ್ಷ ಅವನು ತೀರಿಕೊಂಡ ಸುದ್ದಿ ಬಂತು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಆ ವರ್ಷ ಅವರ ಮದುವೆ ತಾರೀಕಿಗೆ ಸರಿಯಾಗಿ, ಯಾರೋ ಪರ ಊರಿನ ಹುಡುಗಿ ಎಡಗಡೆ ಮೆಟ್ಟಿಲಿಂದ ಬಿಳಿಚಿಕೊಂಡು ಇಳಿದು ಬಂದಳು. ‘ಅಮ್ಮಾ, ನನ್ನ ಕೈ ಹಿಡಿದೋರು ಯಾರು?’ ಅಂತ ಕೇಳಿದ್ಳು.”

ಮಳೆ ನಿಂತಿತ್ತು. ನಾವು ಎದ್ದೆವು. ಇವತ್ತು ತಾರೀಕು ಎಷ್ಟು ಎಂದು ನಮ್ಮಲ್ಲೊಬ್ಬರು ಕೇಳಿದರು. ಬಾಸಿಲ್ ಈ ಸಲ ತಮಾಷೆ ಮಾಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, “ಅದೇ ತಾರೀಕು,” ಎಂದ.

“ಹೋಗಿ ಬನ್ನಿ,” ಎಂದಳು ಅಜ್ಜಿ. “ಎಡಗಡೆಯಿಂದ ಹತ್ತೋರು ಯಾರೇ ಆಗಲಿ, ಕೈ ಕೊಸರಿಕೊಳ್ಳಬೇಡಿ... ಅವನು ಮೇಲೆ ಕಾಯ್ತಿರ್ತಾನೆ.”