ಮಂಜುಗಡ್ಡೆಯ ರನ್‌ವೇ ಮತ್ತು ಸೂರ್ಯಕಾಂತಿ ಸಿಪ್ಪೆ

ಸಭೆಯ ಅಧ್ಯಕ್ಷರಾದ ಮಾನ್ಯ ಕ್ಲಿಮೆಂತಿ ಆರ್ಖಿಪೊವಿಚ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಧ್ರುವ ಯಾತ್ರೆಗಳ ನನ್ನ ಹಳೆಯ ಸಂಗಾತಿಗಳೇ, ಮೊದಲ ಸಾಲಿನಲ್ಲಿ ಕುಳಿತು 'ಬೇಗ ಮುಗಿಸು' ಎಂದು ಈಗಾಗಲೇ ಕಣ್ಣು ಬಿಡುತ್ತಿರುವ ನನ್ನ ಹೆಂಡತಿ ಲಿದಿಯಾ, ಅವಳ ಪಕ್ಕದಲ್ಲಿರುವ ಅವಳ ಅಣ್ಣ ಪ್ರೊಖೊರ್, ಹಾಗೂ ಆರ್ಖಾಂಗೆಲ್ಸ್ಕಿನ ಪ್ರೀತಿಯ ಸಭಿಕರೇ,

ನಿವೃತ್ತನಾಗುವ ಈ ದಿನ ನನಗೆ ಪದಕ ತೊಡಿಸಿದ್ದೀರಿ. ಇದಕ್ಕೆ ನಾನು ಯೋಗ್ಯನೇ? ಯೋಗ್ಯನೇ! ವಿನಯ ನನ್ನ ಮೈಗೆ ಒಗ್ಗುವುದಿಲ್ಲ. ಅಂಟಾರ್ಕ್ಟಿಕಾದ ನಮ್ಮ ನಿಲ್ದಾಣದಲ್ಲಿ ನಾನು ಕೆರೆದು, ತೇಪೆ ಹಾಕಿ, ಒಪ್ಪ ಮಾಡಿದ ರನ್‌ವೇ ಮೇಲೆ ಇಳಿದ ಯಾವ ವಿಮಾನದ ಚಕ್ರವೂ ಮುರಿಯಲಿಲ್ಲ. ಇದನ್ನು ನಾನು ಹೇಳದೆ ಇನ್ಯಾರು ಹೇಳಬೇಕು? ಪೆಂಗ್ವಿನ್ ಬಂದು ಹೇಳುತ್ತದೆಯೇ?

ಮಂಜುಗಡ್ಡೆ ಬಿಸಿಲಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಅದು ಸೋಲುವುದು ಕಪ್ಪು ಚೂರಿಗೆ. ಒಂದು ಚಿಟಿಕೆ ಮಸಿ ಬಿದ್ದರೂ ಸಾಕು, ಅದು ಬಿಸಿಲು ಕುಡಿದು, ಕಾದು, ಗುಂಡಿ ಕೊರೆಯುತ್ತ ಕೆಳಗಿಳಿಯುತ್ತದೆ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆವು?

ಒಂದು ವರ್ಷ ಪ್ರೊಖೊರ್ ಅಡುಗೆಯವನಾಗಿ ನಮ್ಮ ಜೊತೆ ಹೊರಟಿದ್ದ. ಲಿದಿಯಾ ಬಂದರಿಗೆ ಬಂದು ಒಂದು ಮೂಟೆ ಹುರಿದ ಸೂರ್ಯಕಾಂತಿ ಬೀಜ ಕೊಟ್ಟು, "ನಮ್ಮಣ್ಣನ್ನ ಕರ್ಕೊಂಡು ಹೋಗ್ತಿದ್ದೀಯ, ಕರ್ಕೊಂಡೇ ಬಾ. ಒಬ್ಬನೇ ಬಂದ್ರೆ ಬಾಗಿಲು ತೆಗೆಯಲ್ಲ," ಎಂದಳು. ಅಣ್ಣನಿಗೋ ನನ್ನನ್ನು ಕಂಡರಾಗದು. ಮದುವೆಯ ಹೊತ್ತಿಗೇ "ಐಸ್ ಕೆರೆಯೋನಿಗೆ ನಮ್ಮ ಹುಡುಗೀನ ಕೊಡಲ್ಲ" ಎಂದು ಹಟ ಹಿಡಿದಿದ್ದವನು. ನಿಲ್ದಾಣದಲ್ಲೂ ಎಲ್ಲರ ಸೂಪಿನಲ್ಲಿ ಮಾಂಸ, ನನ್ನ ಸೂಪಿನಲ್ಲಿ ಎಲೆಕೋಸು.

ಜೇಬಿನಲ್ಲಿ ಬೀಜವಿದ್ದರೆ ನಮ್ಮ ಜನರ ಬಾಯಿ ಸುಮ್ಮನಿರುತ್ತದೆಯೇ? ಕೆಲಸ ಮಾಡುತ್ತ ಎಲ್ಲರೂ ಸುಲಿದೆವು, ಎಲ್ಲರೂ ಉಗಿದೆವು. ಚಹಾ ಹೊತ್ತು ತರುತ್ತಿದ್ದ ಪ್ರೊಖೊರ್ ಅಂತೂ ರನ್‌ವೇ ಉದ್ದಕ್ಕೂ ಬಿತ್ತನೆ ಮಾಡಿದ. ಬೇಸಿಗೆ ಬಿಸಿಲೇರಿದಾಗ ನೋಡಿದರೆ, ಕರಿಸಿಪ್ಪೆ ಬಿದ್ದಲ್ಲೆಲ್ಲ ತೂತು. ನನ್ನ ರನ್‌ವೇ ಜರಡಿಯಾಗಿತ್ತು!

ಅದೇ ವಾರ ಪ್ರೊಖೊರ್ ರಕ್ತ ಕಾರಿಕೊಂಡು ಒಲೆಯ ಮುಂದೆ ಬಿದ್ದ. ಹೊಟ್ಟೆಯೊಳಗೆ ಹುಣ್ಣು ಒಡೆದಿದೆ, ಇಲ್ಲಿ ಏನೂ ಮಾಡಲಾಗದು, ವಿಮಾನ ಬರದಿದ್ದರೆ ಉಳಿಯುವುದಿಲ್ಲ ಎಂದರು ನಮ್ಮ ವೈದ್ಯರು. ವಿಮಾನ ಕೇಪ್‌ಟೌನಿನಲ್ಲಿ ಸಿದ್ಧವಿತ್ತು. ಇಳಿಯಲು ನೆಲವಿರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಇಂದಿಗೂ ಎದೆ ಉಬ್ಬುತ್ತದೆ. ನಿಲ್ದಾಣದ ಮುಖ್ಯಸ್ಥರಿಂದ ಹಿಡಿದು ಹವಾಮಾನ ವಿಜ್ಞಾನಿಯವರೆಗೆ ಎಲ್ಲರೂ ಮಂಡಿಯೂರಿದರು. ಕೈಯಲ್ಲೇನು? ಪ್ರೊಖೊರನ ಸೌಟು, ಚಮಚಗಳು! ಸಿಪ್ಪೆ ತೋಡಿ ತೆಗೆದೆವು, ಐಸ್ ಪುಡಿ ತುಂಬಿದೆವು, ಬಿಸಿಲು ಇಳಿಮುಖವಾದಾಗ ನೀರೆರೆದು ಹೆಪ್ಪುಗಟ್ಟಿಸಿದೆವು. ಕೊನೆಗೆ ನಾನು ಭಾರ ಹೇರಿದ ಟ್ರ್ಯಾಕ್ಟರನ್ನು ಆ ತುದಿಯಿಂದ ಈ ತುದಿಗೆ ಓಡಿಸಿದೆ.

ರೇಡಿಯೋದಲ್ಲಿ ಪೈಲಟ್ ಕೇಳಿದ: "ಯೆಫಿಮ್ ಲುಕಿಚ್, ಐಸ್ ಭಾರ ತಡೆಯುತ್ತಾ?"

"ತಡೆಯುತ್ತೆ ಮಾರಾಯ. ನಾನು ಅಂಚಲ್ಲೇ ನಿಂತಿರ್ತೀನಿ."

ಅದು ನಮ್ಮಲ್ಲಿ ಪದ್ಧತಿ. ನೆಲ ಗಟ್ಟಿಯಿದೆ ಎಂದು ಮಾತು ಕೊಟ್ಟವನು ವಿಮಾನ ಇಳಿಯುವಾಗ ಪಕ್ಕದಲ್ಲೇ ನಿಲ್ಲಬೇಕು. ನಿಂತೆ. ಹೆದರಿಕೆಯಾಯಿತೇ? ಇಲ್ಲವೆನ್ನಬೇಕೆಂದಿದ್ದೆ. ಆಯಿತು, ತುಂಬ ಆಯಿತು. ಚಕ್ರ ನೆಲ ಮುಟ್ಟುವಾಗ ದೇವರ ನೆನಪೂ ಬರಲಿಲ್ಲ, ನಮ್ಮ ಮನೆಯ ಬಾಗಿಲು ಕಣ್ಣ ಮುಂದೆ ಬಂತು. ವಿಮಾನ ಓಡಿತು, ನಿಂತಿತು. ಒಂದು ತೇಪೆಯೂ ಕಿತ್ತು ಬರಲಿಲ್ಲ.

ಸ್ಟ್ರೆಚರಿನಲ್ಲಿ ಮಲಗಿದ್ದ ಪ್ರೊಖೊರ್ ಮೊದಲು, "ನನ್ನ ಸೌಟು ತೊಳೆದಿಡ್ರೋ," ಎಂದ. ಆಮೇಲೆ ನನ್ನ ತೋಳು ಹಿಡಿದು, "ಐಸ್ ಕೆರೆಯೋನೇ, ಚೆನ್ನಾಗಿ ಕೆರೆದಿದ್ದೀಯ ಕಣೋ," ಎಂದ. ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂತೆಂದು ಎಲ್ಲರಿಗೂ ಹೇಳಿದೆ.

ಸಭಿಕರೇ, ಈ ಪದಕ ಚೆನ್ನಾಗಿದೆ, ಗೋಡೆಯ ಮೇಲೆ ತೂಗುಹಾಕುತ್ತೇನೆ. ಆದರೆ ಒಮ್ಮೆ ಮೊದಲ ಸಾಲಿನತ್ತ ನೋಡಿ. ನಾನು ಮಾತು ಶುರು ಮಾಡಿದಾಗಿನಿಂದ ಪ್ರೊಖೊರ್ ಬೀಜ ಸುಲಿಯುತ್ತಿದ್ದಾನೆ. ಅವನ ಕಾಲ ಬಳಿ ಒಂದು ಸಿಪ್ಪೆಯಿದೆಯೇ? ಎಲ್ಲ ಕೋಟಿನ ಜೇಬಿನೊಳಗಿವೆ. ಇದು ಹಲಗೆಯ ನೆಲವಯ್ಯ, ಕರಗುವುದಿಲ್ಲ ಎಂದರೂ ಕೇಳುವುದಿಲ್ಲ. "ನೀನಿರೋ ಕಡೆ ನೆಲಕ್ಕೆ ಉಗಿಯೋಕೆ ಮನಸ್ಸು ಬರಲ್ಲ ಕಣೋ," ಅನ್ನುತ್ತಾನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ಪ್ರೊಖೊರ್, ನನಗೂ ಒಂದು ಹಿಡಿ ಬೀಜ ಉಳಿಸು. ಲಿದಿಯಾ, ಬೀಗದ ಕೈ ತೆಗೆದುಕೋ, ನಿಮ್ಮಣ್ಣನನ್ನೂ ಕರೆದುಕೊಂಡೇ ಮನೆಗೆ ಹೋಗೋಣ. ನಮಸ್ಕಾರ.