ಡಬ್ಬಿಯಲ್ಲಿ ಇವತ್ತು ಏನಿದೆ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ದೊಡ್ಡ ಡಾಕ್ಟರರಿಗೆ, ನರ್ಸಮ್ಮಂದಿರಿಗೆ, ನಮ್ಮ ಅಡುಗೆಮನೆಯ ಬಳಗಕ್ಕೆ — ಮತ್ತು ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತಿರುವ ಅತ್ತಿಗೆಗೆ — ನಮಸ್ಕಾರ.

ಮೈಕು ಸ್ವಲ್ಪ ಕೆಳಗೆ ಮಾಡಪ್ಪ — ಹಾಂ, ಸಾಕು. ಇದೇ ಊಟದ ಹಾಲಿನಲ್ಲಿ ಇಷ್ಟು ವರ್ಷ ನಾನು ಕೂಗಿದ್ದು ‘ತಟ್ಟೆ ಮುಂದೆ ತನ್ನಿ’ ಅಂತ ಮಾತ್ರ. ಇವತ್ತು ತಟ್ಟೆ ಇಲ್ಲದೆ ಮಾತಾಡಬೇಕಾಗಿದೆ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಆಸ್ಪತ್ರೆಯ ಮುಖ್ಯ ಅಡುಗೆಯವರು, ನಾವೆಲ್ಲ ಗಡಿಯಾರಣ್ಣ ಎಂದು ಕರೆಯುತ್ತಿದ್ದವರು, ನಮ್ಮನ್ನು ಅಗಲಿ ಒಂದು ತಿಂಗಳಾಯಿತು. ಅವರ ಗಂಜಿ ವಾರ್ಡಿಗೆ ಬಂದಾಗ ರೋಗಿಗಳು ತಮ್ಮ ವಾಚು ಸರಿಮಾಡಿಕೊಳ್ಳುತ್ತಿದ್ದರು. ಆ ಹೆಸರು ಬಂದದ್ದು ಹಾಗೆ. ಅವರ ಶಿಸ್ತು, ಅವರ ಸೇವೆ — ಡಾಕ್ಟರ್ ಸಾಹೇಬರು ಈಗತಾನೆ ಹೇಳಿದರು. ಎಲ್ಲ ನಿಜ. ನಾನು ನಿಂತಿರುವುದು ಬೇರೆ ಒಂದು ಮಾತು ಹೇಳುವುದಕ್ಕೆ. ಅದನ್ನು ಅವರ ಹೆಂಡತಿಗೆ, ನಮ್ಮ ಅತ್ತಿಗೆಗೆ ಹೇಳಬೇಕು. ನಿಮ್ಮೆಲ್ಲರ ಎದುರಿಗೇ ಹೇಳಬೇಕು.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಮೇಜಿನ ಮೇಲೆ ಅಂಗಡಿಯ ಬ್ರೆಡ್ಡು. ಅಡುಗೆಮನೆಯಲ್ಲಿ ಒಂದು ಪಾತ್ರೆಯೂ ಕದಲಿರಲಿಲ್ಲ. “ಅಮ್ಮ ಒಲೆ ಹಚ್ತಾನೇ ಇಲ್ಲ ಚಿಕ್ಕಪ್ಪ” ಅಂದಳು ಮಗಳು. ಯಾಕತ್ತಿಗೆ ಅಂತ ಕೇಳಿದೆ. ಆಗ ಅತ್ತಿಗೆ ಹೇಳಿದ್ದು — ಕ್ಷಮಿಸಿ ಅತ್ತಿಗೆ, ಹೇಳಿಬಿಡುತ್ತೇನೆ — “ನಾನು ಮಾಡಿದ್ದು ಅವರಿಗೆ ಒಂದು ದಿನಾನೂ ಹಿಡಿಸ್ಲಿಲ್ಲ ಕಣಪ್ಪ. ಇವತ್ತು ಹಿಡಿಸ್ಲಿಲ್ವಾ, ನಾಳೆ ಬೇರೆ ಮಾಡೋಣ ಅಂತ ದಿನಾ ಹೊಸದಾಗಿ ಏನಾದ್ರೂ ಮಾಡಿ ಡಬ್ಬಿಗೆ ಹಾಕ್ದೆ. ಖಾಲಿ ಡಬ್ಬಿ ತಂದಿಡ್ತಿದ್ರು. ಚೆನ್ನಾಗಿತ್ತು ಅಂತ ಒಂದು ಮಾತಿಲ್ಲ. ಅಷ್ಟು ದೊಡ್ಡ ಅಡುಗೆಯವರಿಗೆ ನನ್ನ ಅಡುಗೆ ಯಾವ ಮೂಲೆಗೆ? ಇನ್ನು ಯಾರಿಗೆ ಅಂತ ಮಾಡ್ಲಿ?”

ಕೊಟ್ಟ ನೀರು ಕುಡಿದು ಎದ್ದು ಬಂದೆ. ಆ ಡಬ್ಬಿ ಅಣ್ಣನಿಗೆ ಏನಾಗಿತ್ತು ಅನ್ನುವುದು ಅತ್ತಿಗೆಗೆ ಗೊತ್ತಿದೆ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಗೊತ್ತಿಲ್ಲ! ಹಾಗಾಗಿ ಇವತ್ತು ಹೇಳುತ್ತೇನೆ.

ನಮ್ಮದು ಎಂಥ ಅಡುಗೆ ಅಂತ ನಿಮಗೆಲ್ಲ ಗೊತ್ತೇ ಇದೆ. ಸೋಮವಾರ ಆಲೂಗಡ್ಡೆ, ಮಂಗಳವಾರ ಬೀನ್ಸ್. ಬರುವ ವರ್ಷದ ಮಂಗಳವಾರವೂ ಬೀನ್ಸೇ. ಉಪ್ಪು ಎಷ್ಟು ಅಂತ ಹೇಳುವುದು ನಾಲಿಗೆಯಲ್ಲ, ಡಾಕ್ಟರು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ — ಕಾಯಿಲೆಯವರಿಗೆ ಹಾಗೇ ಮಾಡಬೇಕು, ಅದೇ ನಮ್ಮ ಕೆಲಸ. ಆದರೆ ವಾರ್ಡಿನಲ್ಲಿ ತಿನ್ನುವವರ ಮುಖ ನಾವು ನೋಡುವುದಿಲ್ಲ. ಗಾಡಿಯಲ್ಲಿ ಹೋಗುತ್ತದೆ, ಗಾಡಿಯಲ್ಲಿ ಖಾಲಿ ತಟ್ಟೆ ಬರುತ್ತದೆ. ಮನೆಯಲ್ಲಿ ಹಾಗಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಯೇ ಇವತ್ತು ಇವರಿಗೆ ಸಾರು ತೆಳ್ಳಗೆ ಬೇಕೋ ಗಟ್ಟಿ ಬೇಕೋ ಅಂತ ಗೊತ್ತಾಗಿಬಿಡುತ್ತದೆ. ಮನೆ ಅಡುಗೆ ಅಂದರೆ ನನ್ನ ಪ್ರಕಾರ ಇಷ್ಟೇ — ಮುಖ ನೋಡಿ ನೀರು ಹಾಕುವುದು. ಅದನ್ನು ಯಾವ ಅಡುಗೆಯವನೂ ಕೆಲಸದಲ್ಲಿ ಕಲಿಯಲಾರ.

ಇನ್ನು ಗಡಿಯಾರಣ್ಣ. ಮಧ್ಯಾಹ್ನ ಎಲ್ಲರಿಗೂ ಬಡಿಸಿ ಆದ ಮೇಲೆ ಕೈ ತೊಳೆದು, ಒರೆಸಿ, ದಿನಸಿ ಕೋಣೆಗೆ ಹೋಗಿ ಅಕ್ಕಿಮೂಟೆಯ ಮೇಲೆ ಕೂರುತ್ತಿದ್ದರು. ತೊಡೆಯ ಮೇಲೆ ಡಬ್ಬಿ. ತಕ್ಷಣ ತೆಗೆಯುತ್ತಿರಲಿಲ್ಲ! ಹೀಗೆ — ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಆಮೇಲೆ ಹೀಗೆ — ಮೂಸುತ್ತಿದ್ದರು. “ಬಟಾಣಿ” ಅಂತ ತಮಗೆ ತಾವೇ ಹೇಳಿಕೊಂಡು ಮುಚ್ಚಳ ತೆಗೆದರೆ ಒಳಗೆ ಮೊಟ್ಟೆ! ಆಗ ಅವರ ಮುಖ ನೋಡಬೇಕಿತ್ತು. ನಮ್ಮ ಮುಂದೆ ಒಂದು ಹಲ್ಲೂ ತೋರಿಸದ ಮನುಷ್ಯ, ಒಬ್ಬರೇ ಕೂತು ಮಗುವಿನ ಹಾಗೆ ನಗುತ್ತಿದ್ದರು. ಬಾಗಿಲ ಸಂದಿಯಿಂದ ನಾವೆಲ್ಲ ಕದ್ದು ನೋಡಿದ್ದೇವೆ.

ಪಾತ್ರೆ ತೊಳೆಯುವ ನಮ್ಮ ಅಕ್ಕ — ಅಲ್ಲಿ ಹಿಂದೆ ಕೂತಿದ್ದಾರೆ, ತಲೆ ತಗ್ಗಿಸಬೇಡಿ ಅಕ್ಕ — ಒಂದು ದಿನ ಪಾಪ, ಡಬ್ಬಿ ತಣ್ಣಗಾಗಿದೆಯಲ್ಲ ಅಂತ ಊಟ ಬಿಸಿ ಮಾಡಿ ಕೊಟ್ಟರು. ಕೊಡುವಾಗ ಸುಮ್ಮನೆ ಕೊಡಬಾರದೇ? “ಅಣ್ಣ, ಇವತ್ತು ಸೊಪ್ಪು, ಜೊತೆಗೆ ಕುಂಬಳಕಾಯಿ” ಅಂದುಬಿಟ್ಟರು. ಅಣ್ಣ ಕೆಂಡಾಮಂಡಲ! “ನಿಮಗೆ ಹೇಳಿ ಅಂದೋರು ಯಾರು?” ಅಕ್ಕನಿಗೆ ಅಳುವೇ ಬಂತು, ಕದ್ದು ತಿಂದೆ ಅಂದುಕೊಂಡರೇನೋ ಅಂತ.

ನಾನು ತಡೆಯಲಾರದೆ ಒಳಗೆ ಹೋಗಿ ಕೇಳಿದೆ. “ಏನಣ್ಣ, ಸೊಪ್ಪಿಗೋಸ್ಕರ ಇಷ್ಟು ರಂಪಾನಾ?”

“ಮುಂದಿನ ತಿಂಗಳು ಗುರುವಾರ ನಾವೇನು ಬೇಯಿಸ್ತೀವಿ, ಹೇಳು.”

“ಕೋಸು.”

“ನನಗೂ ಗೊತ್ತು. ಇಡೀ ದಿನದಲ್ಲಿ ನನಗೆ ಗೊತ್ತಿಲ್ದೇ ಇರೋದು ಅಂದ್ರೆ ಈ ಡಬ್ಬಿ ಒಂದೇ ಕಣೋ. ಅದನ್ನೂ ಹೇಳ್ಬಿಟ್ರೆ ನನಗೇನು ಉಳೀತು?”

“ಹಂಗಿದ್ರೆ ಅತ್ತಿಗೆಗೆ ಒಂದ್ಸಲ ಚೆನ್ನಾಗಿದೆ ಅನ್ನಿ.”

“ಹುಚ್ಚಾ ನಿನಗೆ? ಚೆನ್ನಾಗಿದೆ ಅಂದ್ರೆ ನಾಳೆನೂ ಅದನ್ನೇ ಮಾಡ್ತಾಳೆ. ನಾನು ಸುಮ್ನಿರೋದಕ್ಕೇ ಅಲ್ವಾ ದಿನಾ ಹೊಸದು ಬರ್ತಿರೋದು?”

ಕೇಳಿದಿರಾ ಅತ್ತಿಗೆ? — ಕೇಳಿದಿರಾ?

ಒಂದು ತುತ್ತು ಕೊಡಿ ಅಣ್ಣ ಅಂತ ಎಷ್ಟು ಸಲ ಅಂಗಲಾಚಿದ್ದೇನೋ. ಜಪ್ಪಯ್ಯ ಅಂದರೂ ಕೊಡಲಿಲ್ಲ. “ಹೋಗೋ, ನಿಮ್ಮನೇಲಿ ಕೇಳು!” ಇಡೀ ಆಸ್ಪತ್ರೆಗೆ ಬಡಿಸಿದ ಕೈ ಅದು. ಆ ಡಬ್ಬಿಯ ವಿಷಯದಲ್ಲಿ ಮಾತ್ರ ಅಂಥ ಜಿಪುಣನನ್ನು ನಾನು ಕಂಡಿಲ್ಲ.

ಗಡಿಯಾರಣ್ಣ — ಫೋಟೊದಲ್ಲಿ ಹಾಗೆ ಗಂಭೀರವಾಗಿ ನೋಡಬೇಡಿ — ನೀವು ಇದ್ದಿದ್ದರೆ ಇವತ್ತು ನಿಮ್ಮ ಜೊತೆ ಜಗಳವಾಡುತ್ತಿದ್ದೆ. ನಿಮಗೆ ಅದು ಆಟ. ಅವರಿಗೆ ಅದು ದಿನಾ ಪರೀಕ್ಷೆ. ಅಷ್ಟು ವರ್ಷ ಪರೀಕ್ಷೆ ಬರೆದವರಿಗೆ ಪಾಸೋ ಫೇಲೋ ಹೇಳದೆ ಎದ್ದು ಹೋಗುವುದು ಯಾವ ಸೀಮೆಯ ನ್ಯಾಯ? ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ನೀವಿಲ್ಲದೆ ಆ ಅಡುಗೆಮನೆಯೊಳಗೆ ಕಾಲಿಡುವುದಕ್ಕೆ ಕಷ್ಟವಾಗುತ್ತಿದೆ, ಅದೂ ನಿಜ.

ಅತ್ತಿಗೆ, ನಿಮಗೂ ಸಿಟ್ಟು ಬರಲಿ. ನ್ಯಾಯವಾದ ಸಿಟ್ಟು, ಇಟ್ಟುಕೊಳ್ಳಿ. ಆದರೆ ಹಿಡಿಸಲಿಲ್ಲ ಅನ್ನುವ ಮಾತು ಮಾತ್ರ ಬೇಡ. ಅದು ಸುಳ್ಳು. ನಾನು ಸಾಕ್ಷಿ, ಅಕ್ಕ ಸಾಕ್ಷಿ.

ಯಾರಿಗೆ ಮಾಡ್ಲಿ ಅಂದಿರಲ್ಲ — ಭಾನುವಾರ ನನಗೆ ರಜೆ. ಮಧ್ಯಾಹ್ನ ಊಟಕ್ಕೆ ಬರುತ್ತೇನೆ, ಅಕ್ಕನನ್ನೂ ಕರೆದುಕೊಂಡು. ಕರೆಯದೆ ಬರುವಷ್ಟು ಭಂಡತನ ನನಗಿದೆ. ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಅನ್ನುತ್ತೇನೆ. ಚೆನ್ನಾಗಿದ್ದರೆ ಪಕ್ಕದ ಮನೆಗೂ ಕೇಳುವ ಹಾಗೆ ಹೇಳುತ್ತೇನೆ. ಬಾಯಿ ಬಿಟ್ಟು ಹೇಳುತ್ತೇನೆ.

ಏನಂದಿರಿ ಅತ್ತಿಗೆ? — “ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಇದನ್ನ ಹೇಳೋಕೆ?” ಅಂತಿದ್ದಾರೆ. ಬೈಯಿರಿ, ಇನ್ನೂ ಬೈಯಿರಿ. ಬೈಯುವವರು ಊಟವನ್ನೂ ಹಾಕುತ್ತಾರೆ ಅನ್ನುವ ಧೈರ್ಯ ನನಗಿದೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ನಮ್ಮ ಗಡಿಯಾರಣ್ಣನ ನೆನಪಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ಇರೋಣ.

ಬೇಡ ಅತ್ತಿಗೆ — ನೀವು ಏಳಬೇಡಿ. ಒಲೆಯ ಮುಂದೆ ನೀವು ಬೇಕಾದಷ್ಟು ನಿಂತಿದ್ದೀರಿ. ಇವತ್ತು ನೀವು ಕೂತಿರಿ. ನಾವು ನಿಲ್ಲುತ್ತೇವೆ.