ನಿಲ್ಲಿಸಿ ನೋಡಿದ ಜಾಗ

ಪಾಸ್‌ಪೋರ್ಟ್ ಫೋಟೋಗಾಗಿ ಸ್ಟುಡಿಯೋದಲ್ಲಿ ಕಾಯುತ್ತಿದ್ದೆ. ನನಗಿಂತ ಮುಂದಿದ್ದ ಹೆಂಗಸು ಹಳೆಯ ವಿಡಿಯೋ ಕ್ಯಾಸೆಟ್ಟೊಂದನ್ನು ಡಿಸ್ಕಿಗೆ ಹಾಕಿಸಲು ಕೊಟ್ಟಿದ್ದಳು. ಸ್ಟುಡಿಯೋದವನು ಟಿವಿಯನ್ನು ಅವಳ ಕಡೆ ತಿರುಗಿಸಿದ.

“ಅಕ್ಕಾ, ಮಿಷಿನ್ ಹೆಡ್ ಒರೆಸಿ, ಬಣ್ಣ ಸರಿಮಾಡಿ ಹಾಕಿದೀನಿ. ಉಳಿದದ್ದೆಲ್ಲ ಚೆನ್ನಾಗೇ ಬಂತು. ಇದೊಂದು ಕಡೆ ಮಾತ್ರ ಬರೀ ಗೆರೆ.”

“ಇದು ನನ್ನ ಸ್ಕೂಲ್ ನಾಟಕ. ನನ್ನ ಮುಖದ ಮೇಲೇ ಬೀಳ್ಬೇಕಾ ಗೆರೆ!”

“ಒಂದೇ ಕಡೆ ನಿಲ್ಲಿಸಿ ನಿಲ್ಲಿಸಿ ನೋಡಿದ್ರೆ ಟೇಪು ಸವೆದುಹೋಗುತ್ತೆ.”

“ಯಾರು ನೋಡ್ತಾರೆ? ಅಮ್ಮನ ಬೀರುನಲ್ಲಿತ್ತು. ಮೊನ್ನೆ ತಮ್ಮ ತಂದುಕೊಟ್ಟ.”

“ಹಾಗಾದ್ರೆ ಅಮ್ಮನೇ ನೋಡಿರಬೇಕು.”

“ಇಲ್ಲಪ್ಪ. ನಾನು ಮೆಚ್ಚಿದವನನ್ನ ಮದುವೆ ಆದೆ ಅಂತ, ಇನ್ನು ನಿನ್ನ ಮುಖ ನೋಡಲ್ಲ ಅಂದೋಳು. ಹನ್ನೊಂದು ವರ್ಷ ಆಯ್ತು.”

ಅವನು ಆ ಗೆರೆಯ ಜಾಗವನ್ನೇ ಮತ್ತೆ ಹಾಕಿ ತೋರಿಸಿದ. ಅವಳೇ ಕೇಳಿದಳು.

“ಎಷ್ಟು ಸಲ ನೋಡಿದ್ರೆ ಹೀಗಾಗುತ್ತೆ?”

“ಹತ್ತಿಪ್ಪತ್ತು ಸಲಕ್ಕೆಲ್ಲ ಆಗಲ್ಲ ಅಕ್ಕಾ. ವರ್ಷಗಟ್ಟಲೆ ನೋಡಿರ್ಬೇಕು.”

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಈ ಗೆರೆ ತೆಗೆಯೋಕಾಗುತ್ತಾ?”

“ಪೂರ್ತಿ ಹೋಗಲ್ಲ. ಹಿಂದಿನ ಮುಂದಿನ ಚಿತ್ರದಿಂದ ತೇಪೆ ಹಾಕಿದ್ರೆ ಮುಖ ಕಾಣುತ್ತೆ. ನಾಲ್ಕು ದಿನ ಬೇಕು. ಬೇಡ ಅಂದ್ರೆ ಹಾಗೇ ಬಿಡ್ತೀನಿ.”

“ಬೇಡಪ್ಪ, ಹಾಗೆ ಬಿಡ್ಬೇಡ. ಅಮ್ಮಂಗೆ ಈಗ ಕಣ್ಣು ಮಂಜಂತೆ. ಅವಳಿಗೆ ಸರಿಯಾಗಿ ಕಾಣ್ಬೇಕು.”

“ತಮ್ಮನ ಕೈಲಿ ಕಳಿಸ್ತೀರಾ?”

“ಇಲ್ಲ, ನಾನೇ ತಗೊಂಡು ಹೋಗ್ತೀನಿ.”

ರಸೀದಿ ಹಿಡಿದು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

“ನಾಳೇನೇ ಕೊಡೋಕಾಗಲ್ವಾ?”

“ಆಯ್ತಕ್ಕಾ, ಹೇಗಾದ್ರೂ ಮಾಡಿಡ್ತೀನಿ. ಬನ್ನಿ.”